ಓದುಗರ ಪ್ರಶ್ನೆ: ಗ್ರ್ಯಾಮಿ ‘ರೇಸ್’ ಅಂದರೆ ಏನು?

ಪ್ರ: ಯಾರದಾದರೂ ಆಲ್ಬಂ ‘ಗ್ರ್ಯಾಮಿ ರೇಸ್‌ನಲ್ಲಿದೆ’ ಎಂಬ ಸುದ್ದಿ ಆಗಾಗ ಬರುತ್ತದೆ. ಆಮೇಲೆ ಸದ್ದೇ ಇರುವುದಿಲ್ಲ. ಏನಾಗಿರುತ್ತದೆ?

ಉ: ಹೆಚ್ಚಿನ ಸಲ ಅರ್ಜಿ ಹೋಗಿರುತ್ತದೆ, ಅಷ್ಟೆ. ಗ್ರ್ಯಾಮಿ ಸಂಗೀತ ಪ್ರಶಸ್ತಿ ಕೊಡುವ ಅಮೆರಿಕದ ರೆಕಾರ್ಡಿಂಗ್ ಅಕಾಡೆಮಿಯ ಸದಸ್ಯರು ಮತ್ತು ಅಲ್ಲಿ ನೋಂದಾಯಿಸಿಕೊಂಡ ಮ್ಯೂಸಿಕ್ ಕಂಪನಿಗಳು ತಮ್ಮ ಧ್ವನಿಮುದ್ರಣಗಳನ್ನು ಸಲ್ಲಿಸುತ್ತಾರೆ. ಪರಿಣತರ ತಂಡ ಅವನ್ನು ಕೇಳಿ, ನಿಯಮಕ್ಕೆ ಒಳಪಡುತ್ತವೆಯೇ, ಸರಿಯಾದ ವಿಭಾಗದಲ್ಲಿವೆಯೇ ಎಂದಷ್ಟೇ ನೋಡುತ್ತದೆ. ಹಾಡು ಚೆನ್ನಾಗಿದೆಯೋ ಇಲ್ಲವೋ ಎಂಬುದು ಆ ತಂಡದ ತಲೆನೋವಲ್ಲ. ಈ ಜರಡಿಯಲ್ಲಿ ಉಳಿದದ್ದೆಲ್ಲ ಮೊದಲ ಸುತ್ತಿನ ಮತಪತ್ರಕ್ಕೆ ಹೋಗುತ್ತದೆ. ಸುದ್ದಿಯಲ್ಲಿ ಬರುವ ‘ರೇಸ್’ ಎಂದರೆ ಸಾಮಾನ್ಯವಾಗಿ ಈ ಉದ್ದನೆಯ ಪಟ್ಟಿ. ಸದಸ್ಯರ ಮತ ಎಣಿಸಿದ ಮೇಲೆ, ಹೆಚ್ಚಾಗಿ ನವೆಂಬರಿನಲ್ಲಿ, ಪ್ರಕಟವಾಗುವುದು ನಿಜವಾದ ನಾಮಿನೇಷನ್: ಬಹುತೇಕ ವಿಭಾಗಗಳಲ್ಲಿ 5 ಹೆಸರು, ರೆಕಾರ್ಡ್, ಆಲ್ಬಂ, ಸಾಂಗ್, ಹೊಸ ಕಲಾವಿದ ಎಂಬ ನಾಲ್ಕರಲ್ಲಿ 8. ಅದರ ನಂತರ ಅಂತಿಮ ಮತದಾನ. ಎಣಿಕೆ ಡೆಲಾಯ್ಟ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯದು. ಹಾಗಾಗಿ ನವೆಂಬರಿಗೆ ಮುಂಚೆ ‘ನಾಮಿನೇಟ್ ಆಗಿದೆ’ ಎಂದು ಯಾರಾದರೂ ಪೋಸ್ಟರ್ ಹಾಕಿದ್ದರೆ ಅಭಿನಂದನೆಯನ್ನು ಸ್ವಲ್ಪ ತಡೆದಿಡಿ.

ಪ್ರ: ಒಂದೇ ಹಾಡು ‘ರೆಕಾರ್ಡ್ ಆಫ್ ದಿ ಇಯರ್’, ‘ಸಾಂಗ್ ಆಫ್ ದಿ ಇಯರ್’ ಎರಡಕ್ಕೂ ಬರುತ್ತದಲ್ಲ, ಎರಡೂ ಒಂದೇ ಅಲ್ಲವೇ?

ಉ: ಅಲ್ಲ. ‘ಸಾಂಗ್’ ಪ್ರಶಸ್ತಿ ಹಾಡು ಬರೆದವರಿಗೆ, ಸಾಹಿತ್ಯ ಮತ್ತು ರಾಗ ಕಟ್ಟಿದ್ದಕ್ಕೆ. ಗಾಯಕರು ಬರವಣಿಗೆಯಲ್ಲಿ ಕೈಹಾಕಿಲ್ಲದಿದ್ದರೆ ಅದರಲ್ಲಿ ಅವರಿಗೆ ಏನೂ ಸಿಗದು. ‘ರೆಕಾರ್ಡ್’ ಪ್ರಶಸ್ತಿ ನಮ್ಮ ಕಿವಿಗೆ ಬೀಳುವ ಆ ಒಂದು ಧ್ವನಿಮುದ್ರಣಕ್ಕೆ: ಹಾಡಿದವರು, ನಿರ್ಮಾಪಕರು, ರೆಕಾರ್ಡಿಂಗ್, ಮಿಕ್ಸಿಂಗ್ (ಬಿಡಿ ಧ್ವನಿಗಳನ್ನು ಹದವಾಗಿ ಬೆರೆಸುವುದು), ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಎಂಜಿನಿಯರ್‌ಗಳು ಹಂಚಿಕೊಳ್ಳುತ್ತಾರೆ. ಎಷ್ಟು ಪ್ರತಿ ಮಾರಾಟವಾಯಿತು, ಚಾರ್ಟ್‌ನಲ್ಲಿ ಎಷ್ಟನೆಯದು ಎಂಬುದು ನಿಯಮದಲ್ಲಿ ಎಲ್ಲೂ ಇಲ್ಲ. ಮತ ಹಾಕುವವರೂ ಹಾಡುವ, ನುಡಿಸುವ, ಬರೆಯುವ, ರೆಕಾರ್ಡ್ ಮಾಡುವ ಕಸುಬಿನವರೇ.

ಪ್ರ: ರಿಕಿ ಕೇಜ್ ಅವರ ‘ಡಿವೈನ್ ಟೈಡ್ಸ್’ 2022ರಲ್ಲೂ ಗೆದ್ದಿತು, 2023ರಲ್ಲೂ ಗೆದ್ದಿತು. ಒಂದೇ ಆಲ್ಬಂಗೆ ಎರಡು ವರ್ಷ ಹೇಗೆ?

ಉ: ಒಳ್ಳೆಯ ಪ್ರಶ್ನೆ. ದಿ ಪೊಲೀಸ್ ಎಂಬ ರಾಕ್ ಬ್ಯಾಂಡಿನ ಡ್ರಮ್ಮರ್ ಸ್ಟೀವರ್ಟ್ ಕೋಪ್‌ಲ್ಯಾಂಡ್ ಜೊತೆಗಿನ ಆ ಆಲ್ಬಂ 2022ರಲ್ಲಿ ಗೆದ್ದದ್ದು ನ್ಯೂ ಏಜ್ (ಧ್ಯಾನ, ವಿಶ್ರಾಂತಿಗೆ ಹೊಂದುವ ಸಂಗೀತ) ವಿಭಾಗದಲ್ಲಿ, ಅಂದರೆ ಸಂಗೀತಕ್ಕೆ. 2023ರದ್ದು ಇಮ್ಮರ್ಸಿವ್ ಆಡಿಯೊ ಆಲ್ಬಂ ವಿಭಾಗ. ಅಲ್ಲಿ ತೂಗುವುದು ಮಿಕ್ಸ್ ಅನ್ನು. ಎಡ-ಬಲ ಎರಡೇ ಸ್ಪೀಕರ್ ಬಿಟ್ಟು, ಕೇಳುಗನ ಸುತ್ತ, ತಲೆಯ ಮೇಲೆ ಕೂಡ ಧ್ವನಿಯನ್ನು ಹಂಚಿ ಕೂರಿಸುವ ಕೆಲಸ ಅದು. ಆ ಪ್ರಶಸ್ತಿ ಇಮ್ಮರ್ಸಿವ್ ಮಿಕ್ಸ್ ಎಂಜಿನಿಯರ್ ಮತ್ತು ಇಮ್ಮರ್ಸಿವ್ ನಿರ್ಮಾಪಕರ ಹೆಸರಿಗೆ ಹೋಗುತ್ತದೆ. ಕೇಜ್, ಕೋಪ್‌ಲ್ಯಾಂಡ್ ಇಬ್ಬರೂ ನಿರ್ಮಾಪಕರ ಪಟ್ಟಿಯಲ್ಲಿದ್ದರು. ಸ್ವರ ಅವೇ, ಪ್ರಶಸ್ತಿ ಬಂದ ಕೆಲಸ ಬೇರೆ.

ಪ್ರ: ಗೆದ್ದ ಆಲ್ಬಂನಲ್ಲಿ ಒಂದು ಹಾಡಿಗೆ ವಾದ್ಯ ನುಡಿಸಿದವರನ್ನೂ ‘ಗ್ರ್ಯಾಮಿ ವಿಜೇತ’ ಎನ್ನಬಹುದೇ?

ಉ: ಗ್ರಾಮಫೋನ್ ಪ್ರತಿಮೆ ಎಲ್ಲರಿಗೂ ಬರುವುದಿಲ್ಲ. ‘ಆಲ್ಬಂ ಆಫ್ ದಿ ಇಯರ್’ಗೆ ಈಗ ಆಲ್ಬಂನ ಅವಧಿಯಲ್ಲಿ ಕನಿಷ್ಠ 20% ಪಾಲಿರಬೇಕು. ಉಳಿದವರಿಗೆ ದೊರೆಯಬಹುದಾದದ್ದು ಪ್ರಮಾಣಪತ್ರ. ಅದು ಗೌರವದ್ದೇ, ಆದರೆ ‘ಗ್ರ್ಯಾಮಿ ಗೆದ್ದ ಆಲ್ಬಂನಲ್ಲಿ ನುಡಿಸಿದ್ದಾರೆ’ ಎಂದು ಬರೆಯುವುದೇ ಸರಿ. ಅನುಮಾನವಿದ್ದರೆ ಅಕಾಡೆಮಿಯ ಜಾಲತಾಣದಲ್ಲಿ ವಿಜೇತರ ಹೆಸರು ಹುಡುಕಿ ನೋಡಿ.

ಪ್ರ: ಟಿವಿಯಲ್ಲಿ ಪೂರ್ತಿ ಕೂತು ನೋಡಿದೆ. ಭಾರತೀಯರ ವಿಭಾಗ ಬರಲೇ ಇಲ್ಲ!

ಉ: ನೀವು ಎದ್ದದ್ದು ತಡವಾಯಿತು. 2025ರಲ್ಲಿ ವಿಭಾಗಗಳು 94. ಟಿವಿಯ ಮೂರೂವರೆ ಗಂಟೆಯಲ್ಲಿ ಹೆಚ್ಚೆಂದರೆ ಹತ್ತು-ಹನ್ನೆರಡು ಪ್ರಶಸ್ತಿ. ಉಳಿದ ಸಮಯವೆಲ್ಲ ಹಾಡು-ಕುಣಿತಕ್ಕೆ. ಗ್ಲೋಬಲ್ ಮ್ಯೂಸಿಕ್, ನ್ಯೂ ಏಜ್, ಜಾಝ್, ಶಾಸ್ತ್ರೀಯ ವಿಭಾಗಗಳೆಲ್ಲ ಅದೇ ದಿನ ಮಧ್ಯಾಹ್ನದ ‘ಪ್ರೀಮಿಯರ್ ಸೆರಮನಿ’ಯಲ್ಲಿ ಮುಗಿದಿರುತ್ತವೆ. ಅದು ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾಗುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಭಾನುವಾರ ಮಧ್ಯಾಹ್ನ 12.30 ಎಂದರೆ ನಮಗೆ ಸೋಮವಾರ ನಸುಕಿನ 2 ಗಂಟೆ. ಟಿವಿ ಕಾರ್ಯಕ್ರಮ ಶುರುವಾಗುವಾಗ ಇಲ್ಲಿ ಬೆಳಗ್ಗೆ 6.30.

ಪ್ರ: 2016ರ ಗ್ರ್ಯಾಮಿಯಲ್ಲಿ ಬ್ರಿಟಿಷ್ ಗಾಯಕಿ ಅಡೆಲ್ ಹಾಡುವಾಗ ಗಿಟಾರಿನಂಥ ಅಪಸ್ವರ ಕೇಳಿಸಿತು. ಅಷ್ಟು ದೊಡ್ಡ ವೇದಿಕೆಯಲ್ಲಿ ಹೀಗೂ ಆಗುತ್ತದೆಯೇ?

ಉ: ಅಲ್ಲಿ ಗಿಟಾರ್ ಇರಲೇ ಇಲ್ಲ. ಗ್ರ್ಯಾಂಡ್ ಪಿಯಾನೊದ ಮುಚ್ಚಳದೊಳಗೆ, ತಂತಿಗಳ ಮೇಲೆ ಸ್ವಲ್ಪ ಎತ್ತರದಲ್ಲಿ ಮೈಕ್ ಇಡುತ್ತಾರೆ. ಆ ಮೈಕ್‌ಗಳು ಕಳಚಿ ತಂತಿಯ ಮೇಲೆ ಬಿದ್ದವು. ಕೀಲಿ ಒತ್ತಿದಾಗ ಕಂಪಿಸುವ ತಂತಿ ಮೈಕಿನ ಮೈಗೆ ತಾಗಿ ಝಣಗುಟ್ಟಿದೆ. ಕಾರಣವನ್ನು ಅಡೆಲ್ ಅವರೇ ಆಮೇಲೆ ತಿಳಿಸಿದರು. ನೇರ ಪ್ರಸಾರದಲ್ಲಿ ಒಂದು ತಂಡ ಹಾಡುತ್ತಿರುವಾಗಲೇ ಮುಂದಿನ ತಂಡದ ವಾದ್ಯಗಳನ್ನು ತಳ್ಳಿಕೊಂಡು ಬಂದು ಜೋಡಿಸಬೇಕು; ರಿಹರ್ಸಲ್‌ನಲ್ಲಿ ಸರಿಯಿದ್ದ ಮೈಕ್ ಕಾರ್ಯಕ್ರಮದ ಹೊತ್ತಿಗೂ ಅಲ್ಲೇ ಇರುತ್ತದೆಂಬ ಖಾತರಿಯಿಲ್ಲ. ಮರುವರ್ಷ ಮೆಟಾಲಿಕಾ ಬ್ಯಾಂಡಿನ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಮೈಕ್ ಕೈಕೊಟ್ಟು, ಅವರು ಜೊತೆಗೆ ಹಾಡುತ್ತಿದ್ದ ಲೇಡಿ ಗಾಗಾ ಮೈಕ್‌ಗೇ ಬಾಯಿ ಕೊಟ್ಟು ಹಾಡಬೇಕಾಯಿತು.

ಪ್ರ: ವೇದಿಕೆಯಲ್ಲಿ ಕೊಡುವ ಪ್ರತಿಮೆಯ ಮೇಲೆ ಹೆಸರು ಅಷ್ಟು ಬೇಗ ಹೇಗೆ ಕೆತ್ತುತ್ತಾರೆ?

ಉ: ಕೆತ್ತುವುದಿಲ್ಲ. ಕೈಗೆ ಕೊಡುವುದು ಹೆಸರಿಲ್ಲದ ನಕಲು, ವಾಪಸ್ ತೆಗೆದುಕೊಳ್ಳುತ್ತಾರೆ. ಕೊಲರಾಡೊದ ರಿಜ್‌ವೇ ಎಂಬ ಪುಟ್ಟ ಊರಿನ ಬಿಲ್ಲಿಂಗ್ಸ್ ಕಾರ್ಯಾಗಾರದಲ್ಲಿ ಕೈಯಿಂದ ಮಾಡಿದ ಅಸಲಿ ಪ್ರತಿಮೆ, ಹೆಸರಿನ ಫಲಕದೊಂದಿಗೆ, ಆಮೇಲೆ ವಿಜೇತರಿಗೆ ತಲುಪುತ್ತದೆ.