ಆಫೀಸ್ ಸಾಫ್ಟ್‌ವೇರ್: ಬಿಲ್‌ನಲ್ಲಿ ಕಾಣದ ಖರ್ಚು

ಪ್ರಶ್ನೆ: ನಮ್ಮದು ಪೈಪು, ನಲ್ಲಿ ಸಾಮಾನಿನ ಸಗಟು ಅಂಗಡಿ. ಎಂಟು ಕಂಪ್ಯೂಟರ್ ಇವೆ. ಎಲ್ಲದಕ್ಕೂ ಮೈಕ್ರೋಸಾಫ್ಟ್ ಆಫೀಸ್ ಹಾಕಿಸಬೇಕು ಅಂತಿದ್ದೇವೆ. ವರ್ಷ ವರ್ಷ ಚಂದಾ ಕಟ್ಟುವುದು ಒಳ್ಳೆಯದಾ, ಒಂದೇ ಸಲ ಕೊಳ್ಳುವುದಾ? ಡೀಲರ್ ಹೇಳಿದ ದರದ ಮೇಲೆ ಬೇರೆ ಖರ್ಚು ಬರುತ್ತದಾ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಬರುತ್ತದೆ. ಡೀಲರ್ ಕೊಟ್ಟ ಕೊಟೇಶನ್ ಮೊದಲ ಕಂತು ಅಂದುಕೊಳ್ಳಿ.

ಒಂದೇ ಸಲ ಕೊಂಡರೆ ಸಾಯೋ ತನಕ ನಡೆಯುತ್ತದೆ ಅಂತ ಹೇಳುತ್ತಾರೆ, ಅಲ್ವಾ? ಪ್ರೋಗ್ರಾಂ ತೆರೆಯುತ್ತದೆ, ಅದು ನಿಜ. ಆದರೆ ಸುರಕ್ಷತೆಯ ಅಪ್‌ಡೇಟ್‌ಗೆ ಒಂದು ಗಡುವು ಇರುತ್ತದೆ. ಆಫೀಸ್ 2016, ಆಫೀಸ್ 2019 ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಅದು ಮುಗಿಯಿತು. ಅದೇ ದಿನ ವಿಂಡೋಸ್ 10ರ ಮಾಮೂಲಿ ಬೆಂಬಲವೂ ನಿಂತಿತು, ಹಳೇ ಮಷೀನುಗಳು ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ, ಹಾಗಾಗಿ ಬರೀ ಸಾಫ್ಟ್‌ವೇರ್ ಬದಲಿಸೋಣ ಅಂತ ಹೊರಟವರು ಕಂಪ್ಯೂಟರನ್ನೂ ಕೊಳ್ಳಬೇಕಾಯಿತು.

ಚಂದಾದ ಕಥೆ ಬೇರೆ. ಕಟ್ಟುವುದು ನಿಲ್ಲಿಸಿದರೆ ಫೈಲ್ ಓದಬಹುದು, ಪ್ರಿಂಟ್ ತೆಗೆಯಬಹುದು, ತಿದ್ದಲು ಬರುವುದಿಲ್ಲ. ದರಪಟ್ಟಿ ತಿದ್ದಲಾಗದ ದಿನ ಸಗಟು ಅಂಗಡಿ ಏನು ಮಾಡಬೇಕು ಹೇಳಿ! ಅದಕ್ಕೇ ಒಂದು ವರ್ಷದ ದರ ನೋಡಬೇಡಿ. ಎಂಟು ಸೀಟು, ಐದು ವರ್ಷ ಅಂತ ಗುಣಿಸಿ. ಅದರ ಮೇಲೆ 18% ಜಿಎಸ್‌ಟಿ ಸೇರಿಸಿ. ನೀವು ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಏರ್ಪಾಡು) ಆ ತೆರಿಗೆಯ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ನೀವು ಕಟ್ಟಬೇಕಾದದ್ದರಲ್ಲಿ ಕಳೆಯುವ ಸೌಲಭ್ಯ, ಸಿಗುವುದಿಲ್ಲ, ಪೂರ್ತಿ ನಿಮ್ಮ ಕೈಯಿಂದಲೇ ಹೋಗುತ್ತದೆ.

ಇನ್ನೊಂದು ಮಾತು. ಲ್ಯಾಪ್‌ಟಾಪ್ ಜೊತೆ 'ಹೋಮ್ ಆಂಡ್ ಸ್ಟೂಡೆಂಟ್ 2021' ಬಂದಿದ್ದರೆ ಅದು ಮನೆ ಬಳಕೆಗೆ ಮಾತ್ರ, ಅಂಗಡಿ ಕೆಲಸಕ್ಕೆ ಆ ಲೈಸೆನ್ಸ್ ನಡೆಯುವುದಿಲ್ಲ. ಮತ್ತೆ ಖಾತೆ ಯಾರ ಇಮೇಲ್‌ನಲ್ಲಿದೆ ಅಂತಲೂ ನೋಡಿ. ಅಂಗಡಿ ಹುಡುಗನ ಸ್ವಂತ ಇಮೇಲ್ ಕೊಟ್ಟು ಆಕ್ಟಿವೇಟ್ ಮಾಡಿರುತ್ತಾರೆ, ಅವನು ಕೆಲಸ ಬಿಟ್ಟ ಮೇಲೆ ಪರದಾಟ ಶುರುವಾಗುತ್ತದೆ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಖರ್ಚು ಆಫೀಸ್ ಬಿಟ್ಟು ಬೇರೆ ಪ್ರೋಗ್ರಾಂಗೆ ಹೋಗುವಾಗಿನದು. ಎಕ್ಸೆಲ್‌ನಲ್ಲಿ ಯಾರೋ ಮ್ಯಾಕ್ರೋ (ಲೆಕ್ಕದ ಕೆಲಸವನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ) ಬರೆದಿರುತ್ತಾರೆ, ಸ್ಟಾಕು, ಕಮಿಷನ್ನು, ಬಾಕಿ ಎಲ್ಲಾ ಅದರ ಮೇಲೇ ನಿಂತಿರುತ್ತದೆ, ಬೇರೆ ಪ್ರೋಗ್ರಾಂನಲ್ಲಿ ತೆರೆದರೆ ಅದು ಎಷ್ಟೋ ಸಲ ಸರಿಯಾಗಿ ಓಡುವುದಿಲ್ಲ, ಬರೆದವರು ಎಲ್ಲಿದ್ದಾರೋ ಗೊತ್ತಿಲ್ಲ. ಕನ್ನಡ ಪತ್ರಗಳ ಪಾಡು ಇನ್ನೂ ಕಷ್ಟ. ನಾನು ಮೊದಲು ಇದ್ದ ಕಚೇರಿಯಲ್ಲಿ ಹತ್ತು ವರ್ಷದ ಪತ್ರಗಳೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟ್‌ನಲ್ಲಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಪರಿವರ್ತನೆ ಮಾಡಿದೆವು, ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಹೋಯಿತು. ಒಂದೊಂದೇ ಓದಿ ತಿದ್ದಿದೆವು, ವಾರಗಟ್ಟಲೆ. ಆ ಸಂಬಳ ಯಾವ ಬಿಲ್‌ನಲ್ಲೂ ಬರಲಿಲ್ಲ. ದಯವಿಟ್ಟು ಇವತ್ತಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ.

ಹಾಗಂತ ಆಫೀಸ್ ಬೇಡವೇ ಬೇಡ ಅನ್ನುತ್ತಿಲ್ಲ. ಎಂಟು ಜನರಲ್ಲಿ ಎಕ್ಸೆಲ್ ನಿಜವಾಗಿ ಬೇಕಾಗಿರುವುದು ಯಾರಿಗೆ ಅಂತ ಮೊದಲು ಕೇಳಿ. ಲೆಕ್ಕ ನೋಡುವ ಒಬ್ಬಿಬ್ಬರಿಗೆ ಬೇಕಾದೀತು. ಕೌಂಟರ್‌ನಲ್ಲಿ ಕೂತು ಟ್ಯಾಲಿಯಲ್ಲಿ ಬಿಲ್ ಹಾಕಿ, ಆಗೊಂದು ಈಗೊಂದು ಪತ್ರ ಬರೆಯುವವರಿಗೆ ಆಫೀಸ್ ತರಹದ್ದೇ ಆದ ಲಿಬ್ರೆಆಫೀಸ್ ಸಾಕು. ಅದಕ್ಕೆ ಲೈಸೆನ್ಸ್ ದುಡ್ಡಿಲ್ಲ, ಅಂಗಡಿಯಲ್ಲಿ ಬಳಸಲು ಅಡ್ಡಿಯೂ ಇಲ್ಲ. ಕಲಿಯುವ ಸಮಯ ಮಾತ್ರ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ತಿಂಗಳು ಎರಡು ಕಂಪ್ಯೂಟರ್‌ಗೆ ಹಾಕಿ ನೋಡಿ, ನಿಮ್ಮ ನಿಜವಾದ ಫೈಲ್‌ಗಳನ್ನೇ ತೆರೆಸಿ. ಆಮೇಲೆ ಡೀಲರ್‌ಗೆ ಫೋನ್ ಮಾಡಿ.

ಪ್ರಶ್ನೆ: ಪಕ್ಕದ ಅಂಗಡಿಯವರು 500 ರೂಪಾಯಿಗೆ ಆಫೀಸ್ ಹಾಕಿಕೊಡುತ್ತಾರೆ. ತೊಂದರೆ ಇದೆಯಾ?
– ಓದುಗರು, ಹಾವೇರಿ

ಉತ್ತರ: ಇದೆ. ಅದು ಕದ್ದ ಪ್ರತಿಯಾಗಿದ್ದು, ಗೊತ್ತಿದ್ದೂ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಸ್ವಂತಕ್ಕೆ ಬಳಸಿದರೆ ಕೋರ್ಟ್ ಸ್ವಲ್ಪ ರಿಯಾಯಿತಿ ಕೊಡಬಹುದು, ವ್ಯಾಪಾರಕ್ಕೆ ಅದು ಸಿಗುವುದು ಕಷ್ಟ. ಕದ್ದ ಪ್ರತಿಯನ್ನು ಚಾಲೂ ಮಾಡುವ ಆಕ್ಟಿವೇಟರ್ ಪ್ರೋಗ್ರಾಂ ಓಡಿಸಲು ಆಂಟಿವೈರಸ್ ಆಫ್ ಮಾಡಿ ಅಂತಾರೆ ನೋಡಿ, ಅಲ್ಲೇ ನಿಲ್ಲಿಸಿಬಿಡಿ. ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಇರುವುದೂ ಅದೇ ಕಂಪ್ಯೂಟರ್‌ನಲ್ಲಿ.