ಎಲ್ಲರೆದುರು ನಗೆಗೀಡಾಗುವುದಕ್ಕೆ ಕನ್ನಡದಲ್ಲಿ ಯಾವ ಯಾವ ಪದಗಳಿವೆ?

ನಿಮ್ಮ ಕಥೆಯ ಸನ್ನಿವೇಶ ಓದಿದೆ. ಧಾರವಾಡದ ಕಡೆಯ ಮದುವೆ ಮನೆ. ಮದುಮಗಳಿಗೆ ಗಂಡನ ಹೆಸರು ಸೇರಿಸಿ ಒಡಪು ಹೇಳು ಅಂತ ಹೆಂಗಸರು ದುಂಬಾಲು ಬೀಳುತ್ತಾರೆ. ಉಗ್ಗುವ ಹುಡುಗಿ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾಳೆ, ಸುತ್ತ ಕೂತವರು ನಗುತ್ತಾರೆ. ‘ಆಕೆ ನಗೆಪಾಟಲಿಗೀಡಾದಳು’ ಅಂತ ಬರೆಯಬಹುದೇ, ಬೇರೆ ಪದ ಇದೆಯೇ ಎಂದು ಕೇಳಿದ್ದೀರಿ. ಪದಗಳು ಬೇಕಾದಷ್ಟಿವೆ. ಆದರೆ ಈ ಹುಡುಗಿಗೆ ‘ನಗೆಪಾಟಲು’ ದಯವಿಟ್ಟು ಬೇಡ.

ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವುದು ನನ್ನ ಕೆಲಸ. ಈ ಪದ ನನ್ನ ಮೇಜಿಗೆ ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ವಾಕ್ಯವನ್ನು ಎರಡು ಸಲ ಓದುತ್ತೇನೆ. ‘ನಗೆಪಾಟಲಿಗೀಡಾದ’ ಅಂದಾಗ ನಕ್ಕವರು ಎಲ್ಲೂ ಕಾಣುವುದಿಲ್ಲ. ಬಿದ್ದವನೊಬ್ಬನೇ ಕಾಣುತ್ತಾನೆ, ಮಾಡಿಕೊಂಡದ್ದೂ ಅವನೇ ಅನ್ನುವ ಧ್ವನಿ ಅದರಲ್ಲಿ ಇದ್ದೇ ಇರುತ್ತದೆ. ಅದಕ್ಕೇ ಅದು ದುರ್ಯೋಧನನಿಗೆ ಸರಿಯಾಗಿ ಹೊಂದುತ್ತದೆ. ಮಯಸಭೆಯಲ್ಲಿ ಆತ ನೆಲವನ್ನು ನೀರೆಂದು ಬಗೆದು ಬಟ್ಟೆ ಮೇಲೆತ್ತಿಕೊಂಡ, ಆಮೇಲೆ ನೀರನ್ನು ನೆಲವೆಂದು ನಂಬಿ ಕಾಲಿಟ್ಟು ಬಿದ್ದ. ಕೈಹಿಡಿದು ಬೀಳಿಸಿದವರು ಯಾರೂ ಇಲ್ಲ. ಅದೇ ದ್ರೌಪದಿಯನ್ನು ಜೂಜಿನ ಸಭೆಗೆ ಎಳೆತಂದಾಗಲೂ ನಕ್ಕವರಿದ್ದರು. ಅಲ್ಲಿ ದ್ರೌಪದಿ ನಗೆಪಾಟಲಾದಳು ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಮಾನಭಂಗ ಅನ್ನುತ್ತೇವೆ, ಮಾಡಿದವನ ಹೆಸರನ್ನೂ ಜೊತೆಗೇ ಹೇಳುತ್ತೇವೆ.

ಉತ್ತರಕುಮಾರನದು ಇನ್ನೊಂದು ಬಗೆ. ವಿರಾಟನ ಅರಮನೆಯಲ್ಲಿ ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವರ ಸೇನೆ ಕಂಡದ್ದೇ ರಥದಿಂದ ಹಾರಿ ಓಡಿದವನು. ‘ಉತ್ತರನ ಪೌರುಷ ಒಲೆಯ ಮುಂದೆ’ ಅನ್ನುವ ಗಾದೆ ಅವನಿಗೆ ಅಂಟಿಕೊಂಡೇ ಉಳಿಯಿತು. ಅವನನ್ನೂ ಧಾರಾಳವಾಗಿ ನಗೆಪಾಟಲು ಅನ್ನಿ.

ನಗುವವರನ್ನು ಮುಂದಕ್ಕೆ ತರುವ ಪದಗಳು ಬೇರೆ: ಗೇಲಿ, ಲೇವಡಿ, ಅಣಕ, ಹೀಯಾಳಿಕೆ, ಮೂದಲಿಕೆ. ಇವನ್ನು ಒಂದರ ಬದಲಿಗೆ ಒಂದು ಅಂತ ಬಳಸಲು ಬರುವುದಿಲ್ಲ. ಅಣಕಿಸುವುದು ಅಂದರೆ ಅವರ ಮಾತನ್ನೋ ನಡಿಗೆಯನ್ನೋ ಹಾಗೇ ಮಾಡಿ ತೋರಿಸುವುದು. ಹೀಯಾಳಿಸುವುದರಲ್ಲಿ ಜಾತಿ, ಬಣ್ಣ, ಬಡತನ ಎತ್ತಿ ಕೀಳಾಗಿಸುವ ಉದ್ದೇಶ ಇರುತ್ತದೆ. ಅಸ್ತ್ರಪ್ರದರ್ಶನದ ಕಣದಲ್ಲಿ ಕರ್ಣನಿಗೆ ಆದದ್ದು ಅದು. ಮೂದಲಿಸುವುದು ಎದುರಾಎದುರು ಆಗಬೇಕು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನನ್ನು ಭೀಮ ಹೊರಗೆ ಬರಿಸಿದ್ದು ಮೂದಲಿಸಿಯೇ. ಬೆನ್ನ ಹಿಂದೆ ನಡೆಯುವುದಕ್ಕೆ ‘ಆಡಿಕೊಳ್ಳುವುದು’ ಅನ್ನುತ್ತೇವೆ, ನನಗೆ ಇವುಗಳಲ್ಲೆಲ್ಲ ಅತ್ಯಂತ ಕ್ರೂರವಾಗಿ ಕೇಳಿಸುವ ಪದ ಅದೇ. ‘ಆಡಿಕೊಳ್ಳೋರ ಮುಂದೆ ಎಡವಿ ಬಿದ್ದ ಹಾಗೆ’ ಅನ್ನುವಾಗ ಎಡವುವ ಮೊದಲೇ ಅವರು ಕಾದು ಕೂತಿದ್ದಾರೆ ಅಂತ ಗೊತ್ತಾಗುತ್ತದಲ್ಲ!

ಛೀಮಾರಿ, ಮಂಗಳಾರತಿ ಇವು ಬೈಗುಳದ ಸಾಲಿಗೆ ಸೇರಿದವು. ನಗು ಇಲ್ಲದ ಕಡೆ ಬಳಸಿ.

ಮರ್ಯಾದೆಯ ಸುತ್ತ ಹುಟ್ಟಿದ ನುಡಿಗಟ್ಟುಗಳೂ ನಿಮ್ಮ ಪಾತ್ರಗಳ ಬಾಯಲ್ಲಿ ಬರಬಹುದು. ಮಾನ ಬೀದಿಪಾಲಾಯ್ತು, ಮೂರು ಕಾಸಿಗೆ ಹರಾಜಾಯ್ತು, ಮರ್ಯಾದೆ ಮೂರಾಬಟ್ಟೆಯಾಯ್ತು. ಕೊನೆಯದರಲ್ಲಿ ಬಟ್ಟೆ ಅಂದರೆ ಉಡುವ ಬಟ್ಟೆ ಅಂದುಕೊಳ್ಳಬೇಡಿ, ಹಳಗನ್ನಡದಲ್ಲಿ ಅದು ದಾರಿ. ಮೂರು ದಾರಿಗೆ ಚೆದುರಿಹೋಯಿತು ಅಂತ ಅರ್ಥ. ಕತ್ತೆಯ ಮೇಲೆ ಕೂರಿಸುವುದು, ಮುಖಕ್ಕೆ ಮಸಿ, ಕೊರಳಿಗೆ ಚಪ್ಪಲಿ ಹಾರ, ಇವು ಬರೀ ನುಡಿಗಟ್ಟಲ್ಲ, ಊರವರು ನಿಜವಾಗಿ ಕೊಟ್ಟ ಶಿಕ್ಷೆಗಳು. ಇಂದಿಗೂ ಅಂಥ ಸುದ್ದಿ ಬರುತ್ತದೆ. ಅದನ್ನು ಉಪಮೆಯಾಗಿ ಬಳಸುವ ಮೊದಲು ಯೋಚಿಸಿ.

‘ಕೋಡಂಗಿ’ ಬಗ್ಗೆಯೂ ಒಂದು ಮಾತು. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ ವೇಷ ಕಟ್ಟುತ್ತಿದ್ದವರು ಆಗಷ್ಟೇ ಹೆಜ್ಜೆ ಕಲಿಯುವ ಹುಡುಗರು. ಆಡುಮಾತಿನಲ್ಲಿ ಅದು ಮೋಸ ಹೋದವನ ಹೆಸರಾಯಿತು: ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’. ಸಾಲ ತೀರಿಸದವನನ್ನು ಬಿಟ್ಟು ಕೊಟ್ಟವನನ್ನೇ ಜನ ನಗುತ್ತಾರೆ ಅನ್ನುವುದು ಎಷ್ಟು ನಿಜ!

ಈಗಿನ ‘ಟ್ರೋಲ್ ಆದಳು’ ಕೂಡ ನಗೆಪಾಟಲಿನ ದಾರಿಯನ್ನೇ ಹಿಡಿದಿದೆ. ಸೀರೆ ಸರಿಯಿಲ್ಲ, ಕನ್ನಡ ಸರಿಯಿಲ್ಲ ಅಂತ ಸಾವಿರ ಜನ ಮುಗಿಬಿದ್ದದ್ದನ್ನು ಶೀರ್ಷಿಕೆ ಆಕೆಗೆ ಬಂದ ನೆಗಡಿಯಂತೆ ಬರೆಯುತ್ತದೆ. ನನ್ನ ಕೈಗೆ ಸಿಕ್ಕರೆ ‘ಟ್ರೋಲ್ ಮಾಡಿದರು’ ಅಂತ ತಿದ್ದುತ್ತೇನೆ. ಒಂದು ಅಕ್ಷರ ಹೆಚ್ಚಾಗುತ್ತದೆ, ಜಾಗ ಇಲ್ಲ ಅಂತ ವಾದವೂ ಆಗುತ್ತದೆ. ಆಗಲಿ.

ನಿಮ್ಮ ಮದುಮಗಳಿಗೆ ಬರೋಣ. ನಿರೂಪಣೆಯಲ್ಲಿ ‘ಅಣಕಿಸಿದರು’ ಸಾಕು, ಯಾಕೆಂದರೆ ಯಾರೋ ಒಬ್ಬಳು ಆ ಉಗ್ಗನ್ನು ತಾನೂ ಮಾಡಿ ತೋರಿಸಿರುತ್ತಾಳೆ, ಆಮೇಲೆ ಉಳಿದವರು ನಕ್ಕಿರುತ್ತಾರೆ. ಆ ಒಬ್ಬಳು ಯಾರು ಅಂತ ಕಥೆಯಲ್ಲಿ ಹೇಳಿ. ನಾದಿನಿಯೋ, ಚಿಕ್ಕತ್ತೆಯೋ, ಅವಳಿಗೊಂದು ಮುಖ ಇರಲಿ. ಸಂಭಾಷಣೆಗೆ ಆ ಸೀಮೆಯ ಮಾತೇ ಇದೆ. ಮೂಲೆಯಲ್ಲಿ ಕೂತ ಮುದುಕಿಯೊಬ್ಬಳ ಬಾಯಲ್ಲಿ ‘ಸಾಕ್ ಬಿಡ್ರೆವಾ, ಆಕಿನ್ನ ಯಾಕ ಚ್ಯಾಷ್ಟಿ ಮಾಡ್ತೀರಿ’ ಅನ್ನಿಸಿದರೆ, ನಿರೂಪಕರು ಬೇರೆ ಪದ ಹುಡುಕಬೇಕಾಗಿಯೇ ಇಲ್ಲ.