ಚೆನ್ನೈ ಟ್ರ್ಯಾಕ್‌ನಲ್ಲಿ ಹವ್ಯಾಸಕ್ಕೆ ಕಾರು ಓಡಿಸುತ್ತೇನೆ. ಮುಂದಿನ ಚಕ್ರಕ್ಕೆ ಯಾವ ಬ್ರೇಕ್ ಪ್ಯಾಡ್ ಹಾಕಿಸಲಿ?

ಬ್ರಾಂಡ್ ಆಮೇಲೆ. ಪ್ಯಾಡ್ ಎಷ್ಟು ಬಿಸಿ ತಡೆಯುತ್ತದೆ ಅನ್ನೋದನ್ನು ಮೊದಲು ನೋಡಿ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಾಗಾಗಿ ಮುಂದಿನ ಪ್ಯಾಡಿಗೇ ಕಾವು ಜಾಸ್ತಿ. ಕೆಲವು ಸುತ್ತು ಜೋರಾಗಿ ಓಡಿಸಿದರೆ ಮಾಮೂಲಿ ಪ್ಯಾಡ್ ಸೋಲುತ್ತದೆ: ಪೆಡಲ್ ಗಟ್ಟಿಯಾಗೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ತಪ್ಪು ಪ್ಯಾಡಿನದಲ್ಲ, ಬ್ರೇಕ್ ಆಯಿಲ್ ಕುದಿಯುತ್ತಿರಬಹುದು. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ತೇವ ಹೀರಿದ್ದು 155ರ ಹೊತ್ತಿಗೇ ಕುದಿಯಬಹುದು. ಸುಮ್ನೆ ಪ್ಯಾಡಿಗೆ ದುಡ್ಡು ಸುರಿಯುವ ಮುಂಚೆ ಆಯಿಲ್ ಬದಲಿಸಿ.

ಅದೇ ಕಾರಲ್ಲಿ ಮನೆಗೂ ಬರಬೇಕು ಅಲ್ವಾ? ಹಾಗಾದರೆ ಪೂರ್ತಿ ರೇಸ್ ಪ್ಯಾಡ್ ಬೇಡ. ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ, ಕಿರುಚುತ್ತದೆ, ಡಿಸ್ಕನ್ನೂ ತಿನ್ನುತ್ತದೆ. ರಸ್ತೆಗೂ ಟ್ರ್ಯಾಕ್‌ಗೂ ಆಗುವಂಥದ್ದು ಸಾಕು. ಹಾಕಿಸಿದ ಮೇಲೆ ಪ್ಯಾಕೆಟ್ಟಿನಲ್ಲಿ ಹೇಳಿದಂತೆ ಬೆಡ್-ಇನ್ ಮಾಡಿ, ಅಂದರೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವಂತೆ ಬ್ರೇಕ್ ಒತ್ತಿ ಪಳಗಿಸಿ.